ಬಳ್ಳಾರಿ ನಾಲಾದಲ್ಲಿ ಕಾಲಿಗೆ ಸಿಕ್ಕಿದ್ದು

ಖಾನಾಪುರದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವಳು ನಾನು. ದೆವ್ವ, ಗಾಳಿ ಎಂದು ಯಾರಾದರೂ ಬಾಯಿ ತೆರೆದರೆ ನಗುತ್ತಿದ್ದೆ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಮೊದಲಿನಂತೆ ನಗು ಬರುವುದಿಲ್ಲ.

ನಮ್ಮ ಮನೆ ಇರುವುದು ಬೆಳಗಾವಿಯ ವಡಗಾವಿಯಲ್ಲಿ. ಅಲ್ಲಿಂದ ತುಸು ದೂರ ಬಳ್ಳಾರಿ ನಾಲಾ, ಅದರ ದಂಡೆಗೆ ನಮ್ಮ ತುಂಡು ಗದ್ದೆ. ಊರಿನ ಕೊಳೆಯನ್ನೆಲ್ಲ ಹೊತ್ತು ಹರಿಯುವ ಆ ನೀರನ್ನು ನಾನು ಗಟಾರವೆಂದೇ ಕರೆಯುತ್ತಿದ್ದೆ. ಅತ್ತೆಗೆ ಸಿಟ್ಟು ಬರುತ್ತಿತ್ತು. ಅದು ಹಳ್ಳ, ಗಟಾರವಲ್ಲ ಎಂದು ಪ್ರತಿಸಲ ತಿದ್ದುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಮಳೆಗಾಲದ ಒಂದು ಮಧ್ಯಾಹ್ನ, ಮಳೆ ಬಿಟ್ಟಿದೆಯೆಂದು ಅತ್ತೆ ಭತ್ತದ ನಾಟಿ ನೋಡಲು ಹೊರಟರು. ಮೊಣಕಾಲು ನೋವಿನವರನ್ನು ಒಬ್ಬರೇ ಕಳಿಸಲಾಗದೆ ನಾನೂ ಹೋದೆ. ಬದುವಿನ ತುದಿ ಮುಟ್ಟಿ ತಿರುಗಿದರೆ, ಬಂದ ದಾರಿಯೇ ಮುಳುಗಿತ್ತು. ಮುಂದೆಲ್ಲೋ ಕಸ ಕಟ್ಟಿಕೊಂಡರೆ ನಾಲಾ ಹೀಗೆ ಹಿಂದಕ್ಕೆ ಉಕ್ಕುತ್ತದೆ. ಕೂಗಿದೆವು, ಯಾರಿಗೂ ಕೇಳಿಸಲಿಲ್ಲ. ನಿಂತ ನೆಲ ಕಣ್ಣೆದುರೇ ಕಿರಿದಾಗುತ್ತಿತ್ತು. ಎಡಗಡೆಯ ಹಸಿರನ್ನು ನಮ್ಮ ಭತ್ತವೆಂದೇ ತಿಳಿದು, ಅತ್ತೆಯ ಕೈ ಹಿಡಿದು ಇಳಿದುಬಿಟ್ಟೆ. ಅದು ಜಲಕಳೆ. ಅದರ ಕೆಳಗೆ ನಾಲಾ.

ಕಾಲಿಗೆ ನೆಲ ಸಿಗಲಿಲ್ಲ. ನನಗೆ ಈಜು ಬಾರದು. ಒಂದು ಕೈಯಲ್ಲಿ ಕಳೆಯನ್ನು ತಬ್ಬಿ, ಇನ್ನೊಂದರಲ್ಲಿ ಅತ್ತೆಯನ್ನು ಹಿಡಿದಿದ್ದೆ. ಕಳೆಯ ಬೇರು ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಸತ್ತೆವು ಎಂದುಕೊಂಡೆ.

"ನನ್ನ ಕೈ ಬಿಡವಾ. ಮನ್ಯಾಗ ಸಣ್ಣ ಹುಡುಗೂರು ಅದಾವ ನಿನಗ," ಎಂದರು ಅತ್ತೆ.

ಬಿಡಲಿಲ್ಲ. ಆಗ ನನ್ನ ಪಾದದ ಕೆಳಗೆ ಕಲ್ಲು ಸಿಕ್ಕಿತು. ಚಪ್ಪಟೆ, ನುಣುಪು, ನಡುವೆ ತುಸು ತಗ್ಗು. ಅದರ ಮುಂದೆ ಇನ್ನೊಂದು, ಮತ್ತೊಂದು, ಒಂದಕ್ಕಿಂತ ಒಂದು ಎತ್ತರ. ಅವುಗಳ ಮೇಲೆ ಕಾಲಿಡುತ್ತ, ಅತ್ತೆಯನ್ನು ಎಳೆದುಕೊಂಡು ಆಚೆ ದಂಡೆ ಏರಿದೆ.

ಮುಂದಿನ ಬೇಸಿಗೆಯಲ್ಲಿ ಜೆಸಿಬಿ ಬಂದು ಅದೇ ಜಾಗದಲ್ಲಿ ಹೂಳೆತ್ತಿತು. ದಿನವಿಡೀ ನಿಂತು ನೋಡಿದೆ. ಕೆಸರು ಬಂತು, ಪ್ಲಾಸ್ಟಿಕ್ ಬಂತು, ಒಂದು ಕಲ್ಲೂ ಬರಲಿಲ್ಲ. ಗಟ್ಟಿ ಮಣ್ಣಿರಬೇಕು, ಹೆದರಿಕೆಯ ಭ್ರಮೆಯಿರಬೇಕು ಎಂದು ನನಗೆ ನಾನೇ ಪಾಠ ಮಾಡಿಕೊಂಡೆ. ಯಾವುದೂ ಹೊಂದಲಿಲ್ಲ.

ಅಂದು ಮೊದಲ ಸಲ ಅತ್ತೆಗೆ ಕಲ್ಲಿನ ವಿಷಯ ಹೇಳಿದೆ. ತಾವು ಮದುವೆಯಾಗಿ ಬಂದಾಗ ಅಲ್ಲಿ ನೀರು ತಿಳಿಯಾಗಿತ್ತು, ಓಣಿಯ ಹೆಂಗಸರು ಬಟ್ಟೆ ಒಗೆಯುವ ಕಲ್ಲುಗಳ ಸಾಲಿತ್ತು, ನಾಲಾ ಅಗಲ ಮಾಡುವಾಗ ಎಲ್ಲ ಕಿತ್ತು ಒಯ್ದರು ಎಂದರು. ಅದು ನಾನು ಈ ಮನೆಗೆ ಬರುವುದಕ್ಕೆ ಎಷ್ಟೋ ಮೊದಲಿನ ಮಾತು. ಆ ದಿನ ಅವರಿಗೂ ಕಲ್ಲು ತಾಕಿತ್ತೇ ಎಂದು ಕೇಳಿದೆ.

ಅತ್ತೆ ನನ್ನ ಮೇಲೆಯೇ ಮುನಿಸಿಕೊಂಡವರಂತೆ ಹೇಳಿದರು:

"ನೀರ ಬಿಟ್ರ ಏನೂ ತಾಕಲಿಲ್ಲ. ಅಷ್ಟು ವರ್ಷ ಆ ಕಲ್ಲಿನ ಮ್ಯಾಲ ಅರಿವಿ ಒಗದಾಕಿ ನಾ. ನನ್ನ ಕಾಲಿಗ್ಯಾಕ ಸಿಗಲಿಲ್ಲ?"

ಈಗಲೂ ಒಮ್ಮೊಮ್ಮೆ ಅದನ್ನೇ ಕೇಳುತ್ತಾರೆ.