ದ್ಯಾಮಕ್ಕ ಹೇಳಿದ ಪಿಚ್ಚರು

ಸಾವುಕಾರ ಸೋಮಶೇಖರಪ್ಪನ ಹುಣಸೆಹಣ್ಣಿನ ಶೆಡ್ಡಿಗೆ ಮಂಗಳವಾರ ಯಾರೂ ತಡವಾಗಿ ಬರುತ್ತಿರಲಿಲ್ಲ. ಸೋಮವಾರ ಶೆಡ್ಡಿಗೆ ರಜೆ. ಆ ದಿನ ದ್ಯಾಮಕ್ಕ ಕೊಟ್ಟೂರಿಗೆ ಹೋಗಿ, ಬಸವೇಶ್ವರನಿಗೆ ಕಾಯಿ ಒಡೆಸಿ, ಹಾಗೇ ಟಾಕೀಸು ಹೊಕ್ಕು ಮಧ್ಯಾಹ್ನದ ಆಟ ನೋಡಿ ಬರುತ್ತಿದ್ದಳು. ಮರುದಿನ ಆ ಪಿಚ್ಚರನ್ನು ಶೆಡ್ಡಿನ ಹದಿನಾಲ್ಕು ಹೆಂಗಸರಿಗೆ ಹೇಳುತ್ತಿದ್ದಳು.

ಹಣ್ಣು ಬಡಿದು ಬೀಜ ಬಿಡಿಸುವ ಕೆಲಸಕ್ಕೆ ಬಾಯಿ ಬೇಕಿಲ್ಲ, ಕಿವಿಯೂ ಬೇಕಿಲ್ಲ. ಅವೆರಡೂ ದ್ಯಾಮಕ್ಕನ ಪಾಲಿಗೆ ಸಿಗುತ್ತಿದ್ದವು. ಅವಳು ಹೊಡೆದಾಟಕ್ಕೆ ಬಂದರೆ ಸುತ್ತಿಗೆಗಳು ಜೋರಾಗುತ್ತಿದ್ದವು. ತಾಯಿ ಸಾಯುವ ಜಾಗಕ್ಕೆ ಬಂದರೆ ಒಂದೊಂದಾಗಿ ನಿಂತೇ ಹೋಗುತ್ತಿದ್ದವು. ಆಗ ಸಾವುಕಾರ ಒಳಗೆ ಇಣುಕಿ, ಇವತ್ತು ಯಾರು ಸತ್ತರು ಅಂತ ಕೇಳಿ ಹೋಗುತ್ತಿದ್ದ.

ಕಥೆಯಷ್ಟೇ ಹೇಳಿ ಬಿಡುವವಳಲ್ಲ ಅವಳು. ಚೆನ್ನಾಗಿದೆಯೋ ಇಲ್ಲವೋ ಅನ್ನುವುದನ್ನೂ ಹೇಳುತ್ತಿದ್ದಳು. ಈ ವರ್ಷ ಬಂದ ದೆವ್ವದ ಪಿಚ್ಚರು ಅವಳಿಗೆ ಹಿಡಿಸಲಿಲ್ಲ. ಬಾವಿಯಲ್ಲಿ ಬಿದ್ದು ಸತ್ತವಳ ಸೀರೆಗೆ ಇಸ್ತ್ರಿ ಹೇಗೆ ಇರುತ್ತದೆ ಅನ್ನುವುದು ಅವಳ ಪ್ರಶ್ನೆ. ಪ್ರೀತಿಯ ಪಿಚ್ಚರು ನೋಡಿ ಬಂದು, ಹುಡುಗ ಚೆಂದ ಇದ್ದಾನೆ, ಹುಡುಗಿ ಇನ್ನೂ ಚೆಂದ ಇದ್ದಾಳೆ, ಆದರೆ ಇಬ್ಬರಿಗೂ ಮಾಡಲು ಕೆಲಸವೇ ಇಲ್ಲವಲ್ಲ ಅಂದಳು. ನಲವತ್ತು ಮಂದಿಯನ್ನು ಒಬ್ಬನೇ ಬಡಿಯುವ ಪಿಚ್ಚರು ಮಾತ್ರ ಬಹಳ ಇಷ್ಟವಾಗಿತ್ತು. ಅಷ್ಟು ಹೊತ್ತು ಹೊಡೆದಾಡಿ ಬಂದರೂ ಅವನ ತಾಯಿ ಹಂಚಿನ ಮೇಲೆ ಹಾಕಿದ ರೊಟ್ಟಿ ಸೀದಿರಲಿಲ್ಲವಂತೆ. ಅಂಥ ಹಂಚು ತನಗೂ ಒಂದು ಬೇಕು ಅಂದಾಗ ಶೆಡ್ಡಿನಲ್ಲಿ ನಕ್ಕು ನಕ್ಕು ಎರಡು ಬುಟ್ಟಿ ಹಣ್ಣು ಹಾಗೇ ಉಳಿದಿತ್ತು.

ಇಷ್ಟೆಲ್ಲ ಹೇಳುವ ದ್ಯಾಮಕ್ಕ ಒಂದು ಮಾತನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಅವಳು ಯಾವ ಪಿಚ್ಚರಿನ ಕೊನೆಯನ್ನೂ ನೋಡಿರಲಿಲ್ಲ.

ಆಟ ಬಿಡುತ್ತಿದ್ದುದು ಐದೂವರೆಗೆ. ಅವಳ ಊರಿಗೆ ಹೋಗುವ ಬಸ್ಸು ಕೊಟ್ಟೂರು ಬಿಡುತ್ತಿದ್ದುದು ಐದು ಹತ್ತಕ್ಕೆ. ಅದು ತಪ್ಪಿದರೆ ಊರೊಳಗೆ ಬರುವ ಬಸ್ಸು ಮರುದಿನವೇ. ಹಾಗಾಗಿ ಐದು ಗಂಟೆಗೆ ಪರದೆಯ ಮೇಲೆ ಏನೇ ಆಗುತ್ತಿರಲಿ, ದ್ಯಾಮಕ್ಕ ಸೆರಗು ಬಿಗಿದುಕೊಂಡು ಎದ್ದುಬಿಡುತ್ತಿದ್ದಳು. ಒಂಬತ್ತು ವರ್ಷಗಳ ಹಿಂದೆ ಮೊದಲ ಸಲ ಶೆಡ್ಡಿನಲ್ಲಿ ಕಥೆ ಹೇಳಿದಾಗ, ಕಡೆಗೆ ಏನಾಯಿತು ಅಂತ ಗಿಡ್ಡಮ್ಮ ಕೇಳಿದ್ದಳು. ಗಿಡ್ಡಮ್ಮ ಶೆಡ್ಡಿಗೆ ಹಿರಿಯಳು, ಮಾತಿನಲ್ಲಿ ಖಾರ. ಬೆಳಗಿನಿಂದ ಮಧ್ಯಾಹ್ನದವರೆಗೆ ಕೇಳಿಸಿ, ಗೊತ್ತಿಲ್ಲ ಅನ್ನಲು ದ್ಯಾಮಕ್ಕನಿಗೆ ಬಾಯಿ ಬರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದಳು. ಎಲ್ಲರೂ ಕಣ್ಣು ಒರೆಸಿಕೊಂಡರು. ಅಂದಿನಿಂದ ಎಲ್ಲ ಪಿಚ್ಚರುಗಳ ಕೊನೆಯೂ ಅವಳದೇ.

ಒಮ್ಮೆ ಅಂಥ ಒಂದು ಪಿಚ್ಚರನ್ನು ಟೀವಿಯಲ್ಲಿ ನೋಡಿದ ಗಿಡ್ಡಮ್ಮ, ನೀ ಹೇಳಿದ ಹಾಗೆ ಇರಲಿಲ್ಲವಲ್ಲ ಅಂತ ಕೇಳಿದ್ದಳು. ಟೀವಿಯವರು ಜಾಹೀರಾತಿಗೆ ಜಾಗ ಮಾಡಲು ಪಿಚ್ಚರು ಕತ್ತರಿಸಿ ಹೊಲಿಯುತ್ತಾರೆ ಅಂತ ದ್ಯಾಮಕ್ಕ ಹೇಳಿದಳು. ಗಿಡ್ಡಮ್ಮ ನಂಬಿದಳು.

ಈ ಚೈತ್ರದಲ್ಲಿ ಅಣ್ಣ ತಮ್ಮಂದಿರ ಪಿಚ್ಚರು ಬಂತು. ಇಬ್ಬರದೂ ಸೇರಿ ಒಂದು ಲಾರಿ. ತಮ್ಮ ಓಡಿಸುವಾಗ ಲಾರಿ ಉರುಳಿ ಅಣ್ಣನ ಮಗ ತೀರಿಕೊಳ್ಳುತ್ತಾನೆ. ಹನ್ನೆರಡು ವರ್ಷ ಮಾತಿಲ್ಲ. ಕೊನೆಗೆ ತಮ್ಮ ಲಾರಿಯ ಕೀಲಿ ಹಿಡಿದುಕೊಂಡು ಅಣ್ಣನ ಬಾಗಿಲು ಬಡಿಯುತ್ತಾನೆ. ಒಳಗೆ ಅಣ್ಣ ಎಚ್ಚರವಾಗಿಯೇ ಕೂತಿದ್ದಾನೆ, ಏಳುತ್ತಿಲ್ಲ. ಅಲ್ಲಿಗೆ ಐದು ಗಂಟೆ.

ಬಾಗಿಲು ಬಡಿದ ಸದ್ದು ಬಸ್ಸಿನಲ್ಲಿಯೂ ಅವಳನ್ನು ಬಿಡಲಿಲ್ಲ. ಮರುದಿನ ಹೇಳುವಾಗ ಅಣ್ಣನ ಹೆಂಡತಿಯಿಂದ ಗಂಡನನ್ನು ಬೈಯಿಸಿದಳು, ಬಾಗಿಲು ತೆಗೆಸಿದಳು, ಅಣ್ಣ ತಮ್ಮಂದಿರನ್ನು ಒಂದೇ ಗಂಗಾಳದಲ್ಲಿ ಉಣ್ಣಿಸಿದಳು. ಹದಿನಾಲ್ಕು ಸುತ್ತಿಗೆಗಳೂ ನಿಂತವು. ಇನ್ನೂ ಹದಿನೆಂಟು ತುಂಬದ ಮಾಲಾ ಬಿಕ್ಕಿ ಬಿಕ್ಕಿ ಅತ್ತಳು. ಇದನ್ನು ತಾನು ಕಣ್ಣಿಂದ ನೋಡಲೇಬೇಕು ಅಂದಳು. ತಾವೂ ಬರುತ್ತೇವೆ ಅಂದರು ಉಳಿದವರು. ಹಂಗಾಮು ಮುಗಿಯುತ್ತಾ ಬಂದಿತ್ತು. ಸಾವುಕಾರನೂ ಖುಷಿಯಲ್ಲಿದ್ದ. ಮುಂದಿನ ಸೋಮವಾರ ತನ್ನ ಟೆಂಪೊ ಕಳಿಸುತ್ತೇನೆ, ಆಟ ಬಿಟ್ಟ ಮೇಲೆ ಡ್ರೈವರ್ ಮಾರಣ್ಣನೇ ಕರೆದುಕೊಂಡು ಬರುತ್ತಾನೆ ಅಂದ.

ದ್ಯಾಮಕ್ಕ ಅವರನ್ನು ತಡೆಯಲು ನೋಡಿದಳು. ಟಾಕೀಸಿನ ಕುರ್ಚಿಯಲ್ಲಿ ತಿಗಣೆ ಇವೆ ಅಂದಳು. ಫ್ಯಾನು ತಿರುಗುವುದಿಲ್ಲ ಅಂದಳು. ಯಾರೂ ಕೇಳಲಿಲ್ಲ. ಅಣ್ಣ ಬಾಗಿಲು ತೆಗೆಯದೆ ಹೋದರೆ, ಒಂಬತ್ತು ವರ್ಷ ಹೇಳಿದ್ದೆಲ್ಲ ಸುಳ್ಳಾಗುತ್ತದೆ. ಇನ್ನು ಮಂಗಳವಾರ ಅವಳ ಮಾತು ಕೇಳುವವರು ಯಾರು? ಆ ವಾರ ಅವಳಿಗೆ ಊಟ ಸೇರಲಿಲ್ಲ. ಆದರೂ ಎದೆಯ ಒಂದು ಮೂಲೆಯಲ್ಲಿ ಬೇರೆಯೇ ಒಂದು ಸಡಗರ ಕುಣಿಯುತ್ತಿತ್ತು. ಜೀವನದಲ್ಲಿ ಮೊದಲ ಸಲ ಒಂದು ಪಿಚ್ಚರು ಪೂರ್ತಿ ನೋಡುತ್ತೇನೆ. ಬಾಗಿಲ ಹಿಂದೆ ಏನಾಯಿತು ಅಂತ ತಿಳಿಯುತ್ತದೆ.

ಸೋಮವಾರ ಟೆಂಪೊ ತುಂಬ ಹೊಸ ಸೀರೆ, ಮಂಡಕ್ಕಿ ಪೊಟ್ಟಣ, ನಗು. ಟಾಕೀಸಿನಲ್ಲಿ ಎರಡು ಸಾಲು ಇವರದೇ. ಲಾರಿ ಉರುಳುವ ಮೊದಲೇ ಮಾಲಾ ಕಣ್ಣು ಮುಚ್ಚಿಕೊಂಡಳು, ಮುಂದಾಗುವುದು ದ್ಯಾಮಕ್ಕನ ಬಾಯಿಂದ ಅವಳಿಗೆ ಗೊತ್ತಿತ್ತಲ್ಲ. ಎಲ್ಲವೂ ಹೇಳಿದ ಹಾಗೇ ನಡೆಯುತ್ತಿತ್ತು. ದ್ಯಾಮಕ್ಕ ಅಲ್ಲಲ್ಲಿ ಹಿಡಿ ತುಂಬ ಉಪ್ಪುಖಾರ ಹಾಕಿ ಹೇಳಿದ್ದಳು, ಆದರೆ ಅದನ್ನು ಯಾರೂ ಎಣಿಸುತ್ತಿರಲಿಲ್ಲ.

ತಮ್ಮ ಬಾಗಿಲು ಬಡಿದ.

ದ್ಯಾಮಕ್ಕನ ಕಾಲುಗಳು ತಾವಾಗಿಯೇ ಎದ್ದವು. ಸೆರಗು ಬಿಗಿದುಕೊಂಡಳು. ಪಕ್ಕದಲ್ಲಿದ್ದ ಗಿಡ್ಡಮ್ಮ ಕೈ ಹಿಡಿದು ಎಳೆದಳು.

“ಎಲ್ಲಿಗೆ ಹೊಂಟಿಯೇ?”

“ಬಸ್ಸಿಗೆ,” ಅಂದಳು ದ್ಯಾಮಕ್ಕ. ಅಂದ ಮೇಲೆ ತಾನು ಏನಂದೆ ಅನ್ನುವುದು ತಿಳಿಯಿತು.

ಗಿಡ್ಡಮ್ಮ ತಿರುಗಿ ಅವಳನ್ನು ನೋಡಿದಳು. ಪರದೆಯ ಬೆಳಕು ಅವಳ ಮುಖದ ಮೇಲಿತ್ತು. ಅವಳಿಗೆ ಎಲ್ಲ ಅರ್ಥವಾದದ್ದು ದ್ಯಾಮಕ್ಕನಿಗೂ ಕಂಡಿತು. “ಕುಂದ್ರು,” ಅಂದಳು ಗಿಡ್ಡಮ್ಮ.

ಅಣ್ಣ ಬಾಗಿಲು ತೆಗೆಯಲಿಲ್ಲ. ಹೆಂಡತಿ ಬೈಯಲಿಲ್ಲ. ತಮ್ಮ ಕೀಲಿಯನ್ನು ಹೊಸ್ತಿಲ ಮೇಲಿಟ್ಟು ನಡೆದುಹೋದ. ಬೆಳಗಾದ ಮೇಲೆ ಅಣ್ಣ ಹೊರಗೆ ಬಂದು ಆ ಕೀಲಿಯನ್ನು ಬಹಳ ಹೊತ್ತು ನೋಡುತ್ತಾ ನಿಂತ. ಆಮೇಲೆ ಪರದೆಯ ಮೇಲೆ ಬರೀ ಮುಚ್ಚಿದ ಮನೆ. ಎಲ್ಲೋ ದೂರದಲ್ಲಿ ಲಾರಿ ಚಾಲೂ ಆದ ಸದ್ದು. ಅಷ್ಟೇ. ದೀಪ ಹತ್ತಿದವು.

ಎಲ್ಲರೂ ಟೆಂಪೊ ಹತ್ತಿದರು. ಕೊಟ್ಟೂರು ದಾಟಿದ ಮೇಲೆ ಮಾಲಾ ಕೇಳಿದಳು, ಗಂಗಾಳ ಎಲ್ಲಿ ಹೋಯಿತು ಅಂತ. ಗಿಡ್ಡಮ್ಮ, ಹೇಳುವುದು ದ್ಯಾಮಕ್ಕನಿಗೆ ಬಿಟ್ಟದ್ದು ಅನ್ನುವ ಹಾಗೆ ಅವಳನ್ನೇ ನೋಡಿದಳು. ದ್ಯಾಮಕ್ಕ ತಲೆ ತಗ್ಗಿಸಿ ಎಲ್ಲ ಹೇಳಿದಳು. ಐದು ಗಂಟೆಯ ಸಂಗತಿ, ಒಂಬತ್ತು ವರ್ಷದ ಸಂಗತಿ, ಟೀವಿಯವರ ಮೇಲೆ ಹಾಕಿದ ಸುಳ್ಳು, ಒಂದೂ ಬಿಡಲಿಲ್ಲ.

“ಅಂದ್ರ ಹೋದ ವರ್ಷದ ಪಿಚ್ಚರಿನ ಆ ಕುಂಟ ಪೊಲೀಸ ಸಾಯಲಿಲ್ಲ?” ಒಬ್ಬಳು ಹಿಂದಿನಿಂದ ಕೇಳಿದಳು.

“ಗೊತ್ತಿಲ್ಲ ಯಕ್ಕಾ.”

“ನಾನು ಅವನಿಗಾಗಿ ಎರಡು ದಿನ ಅತ್ತೀನಿ.”

ಬೈಗುಳ ಬಂದವು. ಒಬ್ಬಳು ಕಳ್ಳಿ ಅಂದಳು, ಇನ್ನೊಬ್ಬಳು ತನ್ನ ಕಣ್ಣೀರು ವಾಪಸ್ ಕೊಡು ಅಂದಳು. ದ್ಯಾಮಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ಆದರೆ ಒಬ್ಬಳು ಆ ಪಿಚ್ಚರಿನ ಕೊನೆಯೇ ದಂಡ, ನಿನ್ನದೇ ಚಲೋ ಇತ್ತು ಅಂದಾಗ ಮಾತ್ರ ಅವಳಿಗೆ ತಡೆಯಲಾಗಲಿಲ್ಲ. ತಲೆ ಎತ್ತಿದಳು.

“ಇಲ್ಲ. ಅವರದೇ ಸರಿ ಐತಿ. ಮಗನ್ನ ಕಳಕೊಂಡಾಂವ ಹೆಂಡ್ತಿ ಬೈದಳಂತ ಬಾಗಿಲು ತೆಗಿತಾನೇನು? ಹನ್ನೆರಡು ವರ್ಷ ಮುಟ್ಟಲಾರದ ಲಾರಿ ತಮ್ಮನ್ನ ಹುಡುಕಾಕ ಹತ್ಯಾನಲ್ಲ, ಸದ್ದು ಕೇಳಿದ್ರಲ್ಲ? ನನಗ ಮೈಯೆಲ್ಲ ಜುಮ್ ಅಂತು. ನಾ ಹೇಳಿದ್ದು ಹಬ್ಬದ ಊಟ. ಇದು ಮನಿ ಊಟ.”

“ಆದ್ರ ತಮ್ಮ ಸಿಕ್ಕನೋ ಇಲ್ಲೋ ಅದನ್ನಾದ್ರೂ ತೋರಿಸಬೇಕಿಲ್ಲೇನು?” ಅಂದಳು ಮಾಲಾ.

“ಪಿಚ್ಚರು ಮಾಡಿದಾಂವಗೂ ಐದು ಹತ್ತರ ಬಸ್ಸು ಇದ್ದೀತು,” ಅಂದಳು ಗಿಡ್ಡಮ್ಮ.

ಮೊದಲು ಮಾರಣ್ಣ ನಕ್ಕ. ಆಮೇಲೆ ಟೆಂಪೊವೇ ನಕ್ಕಿತು. ದ್ಯಾಮಕ್ಕ ನಗುತ್ತಲೇ ಕಣ್ಣು ಒರೆಸಿಕೊಂಡಳು. ನಗು ನಿಂತ ಮೇಲೂ ಮಾಲಾಳಿಗೆ ಸಮಾಧಾನ ಇರಲಿಲ್ಲ. ಅಣ್ಣ ಎಷ್ಟು ದೂರ ಹೋದ, ತಮ್ಮ ನಡೆದುಕೊಂಡೇ ಹೋಗುತ್ತಿದ್ದನೋ ಬಸ್ಸು ಹತ್ತಿದನೋ, ಯಾರಾದರೂ ಹೇಳಬೇಕು ಅಂದಳು. ಎಲ್ಲರೂ ದ್ಯಾಮಕ್ಕನ ಕಡೆ ತಿರುಗಿದರು.

ದ್ಯಾಮಕ್ಕ ಗಿಡ್ಡಮ್ಮನನ್ನು ನೋಡಿದಳು.

“ಇದು ಪಿಚ್ಚರಿನಾಗ ಇಲ್ಲ ಯಕ್ಕಾ. ನಾ ಕಟ್ಟಿ ಹೇಳೋದು.”

“ನಮಗ ಗೊತ್ತೈತಿ,” ಅಂದಳು ಗಿಡ್ಡಮ್ಮ. “ಮಾರಣ್ಣ, ಸ್ವಲ್ಪ ನಿಧಾನ ಹೊಡಿಯಪ್ಪಾ. ಇಂಜಿನ್ ಸದ್ದಿನಾಗ ಕೇಳಂಗಿಲ್ಲ.”

ಮಾರಣ್ಣ ನಿಧಾನ ಮಾಡಿದ. ತಮ್ಮ ಕೀಲಿ ಇಟ್ಟು ಹೋದವನು ಹಂಪಸಾಗರದ ದಾರಿ ಹಿಡಿದಿದ್ದ ಅಂತ ದ್ಯಾಮಕ್ಕ ಶುರು ಮಾಡಿದಳು. ಅವನ ಚಪ್ಪಲಿಯ ಹೆಬ್ಬೆರಳಿನ ಉಂಗುಷ್ಟ ಕಿತ್ತಿತ್ತು ಅಂದಳು, ಅದಕ್ಕೇ ಅವನು ಇನ್ನೂ ಬಹಳ ದೂರ ಹೋಗಿರಲಿಲ್ಲ.