ಒಣಗಾಯಿಯ ಹಟ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಹಗರಿಬೊಮ್ಮನಹಳ್ಳಿಯಿಂದ ಗುಡೇಕೋಟೆ ಕಡೆಯ ಹಳ್ಳಿಗೆ ಸೊಸೆಯಾಗಿ ಬಂದ ಮೊದಲ ಬೇಸಿಗೆಯಲ್ಲೇ ಅತ್ತೆಯ ಮೇಲೆ ಸಿಟ್ಟು ಬಂತು, ಅದೂ ಶೇಂಗಾ ಕಾಯಿಯ ಸಲುವಾಗಿ. ತೊಂಬತ್ತರ ದಶಕದ ಮಾತಿದು.

ಯಂತ್ರಕ್ಕೆ ಹಾಕಿದರೆ ಬೀಜ ಒಡೆಯುತ್ತದೆಂದು ಬಿತ್ತನೆಯ ಶೇಂಗಾವನ್ನು ಮನೆಮನೆಗೆ ಕೊಟ್ಟು ಕೈಯಿಂದ ಸುಲಿಸುತ್ತಿದ್ದರು. ಹೊಲದಲ್ಲಿ ಕೆಲಸವಿಲ್ಲದ ಆ ದಿನಗಳಲ್ಲಿ ನಮ್ಮ ಒಲೆ ಉರಿಯುತ್ತಿದ್ದದ್ದು ಊರ ಗೌಡರು ಸುಲಿಯಲು ಕೊಡುವ ಚೀಲಗಳ ಕೂಲಿಯಿಂದಲೇ. ಓಣಿಯ ಹೆಂಗಸರು ಕಾಯಿಗೆ ನೀರು ಚಿಮುಕಿಸಿ ಇಡುತ್ತಿದ್ದರು. ಸಿಪ್ಪೆ ಮೆತ್ತಗಾಗಿ ಕೆಲಸ ಬೇಗ ಸಾಗುತ್ತಿತ್ತು. ಬೆರಳು ನೋವಾದರೆ ಹಲ್ಲಿನಿಂದ ಒಡೆಯುತ್ತಿದ್ದರು. ನೆಂದ ಬೀಜ ಸರಿಯಾಗಿ ಹುಟ್ಟುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿತ್ತು, ಆದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ನಮ್ಮತ್ತೆ ಮಾತ್ರ ಒಣಗಾಯಿಯನ್ನೇ ಸುಲಿಯಬೇಕೆಂದು ಹಟ ಹಿಡಿದರು.

ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ರಕ್ತ ಬಂದ ದಿನ ಕೇಳಿಯೇಬಿಟ್ಟೆ.

"ಊರಿಗೆಲ್ಲಾ ಒಂದು ದಾರಿ ಆದ್ರ ನಮಗ್ಯಾಕ ಬ್ಯಾರೆ ಅತ್ತಿ? ಗೌಡ್ರೇನು ಬಂದು ನೋಡ್ತಾರೇನು?"

"ಗೌಡ್ರು ನೋಡಂಗಿಲ್ಲ, ಯೇಸಪ್ಪ ನೋಡ್ತಾನ. ಐತವಾರ ಪ್ರಾರ್ಥನಿ ಮಾಡೋದು, ಸೋಮವಾರ ಕಾಯಿಗೆ ನೀರು ಹೊಡಿಯೋದು, ಇದೆಂಥಾ ಭಕ್ತಿ? ಬಿತ್ತೋರು ಅವರು, ಬೆಳಸೋನು ಆತ. ನಡುವ ನಾವು ಕೆಡಸಬಾರ್ದವ್ವಾ."

ಭಕ್ತಿ ತಿಂದು ಹೊಟ್ಟೆ ತುಂಬುವುದಿಲ್ಲ ಎಂದು ಗೊಣಗುತ್ತಲೇ ಸುಲಿದೆ.

ಮಳೆ ಬಂತು. ಉಳಿದೆಲ್ಲರ ಬೀಜವೂ ಗೌಡರ ಮನೆ ಸೇರಿತು. ನಮ್ಮದು ಮುಗಿದದ್ದು ಬಿತ್ತುವ ಕೂರಿಗೆ ಹೊಲಕ್ಕೆ ಇಳಿದ ಮೇಲೆ! ಚೀಲಗಳನ್ನು ತಲೆಯ ಮೇಲೆ ಹೊತ್ತು ಹೊಲಕ್ಕೇ ಓಡಿದೆವು.

"ಇಷ್ಟೊತ್ತಿಗೆ ತಂದ್ರ ಹುರ್ಕೊಂಡು ತಿನ್ಲೇನು? ಮುಂದಿನ ವರ್ಷ ನಿಮಗ ಚೀಲ ಇಲ್ಲ," ಎಂದು ಗೌಡರು ಎಲ್ಲರೆದುರು ಬೈದರು. ನಮ್ಮ ಬೀಜವನ್ನು ದಾರಿಯ ಪಕ್ಕ ಉಳಿದಿದ್ದ ಪಟ್ಟಿಗೆ ಬಿತ್ತಿಸಿದರು. ಅವಮಾನದಿಂದ ನನಗೆ ಅಳು ಬಂತು. ಆ ದಿನ ಅತ್ತೆಯ ಜೊತೆ ಮಾತು ಬಿಟ್ಟೆ. ಅವರು ಎಂದಿನಂತೆ ಸ್ತೋತ್ರ ಹೇಳಿ ರೊಟ್ಟಿ ಮುರಿದರು.

ಒಂದು ವಾರ ಕಳೆದಿರಬೇಕು, ಗೌಡರೇ ನಮ್ಮ ಬಾಗಿಲಿಗೆ ಬಂದರು. "ಹೊಲ ನೋಡಿಯೇನಮ್ಮಾ?" ಎಂದು ಅತ್ತೆಯನ್ನು ಕೇಳಿದರು. ಹೋಗಿ ನೋಡಿದೆವು. ದಾರಿಯ ಪಕ್ಕದ ಪಟ್ಟಿಯಲ್ಲಿ ಸಾಲಿಗೆ ಸಾಲು ಹಸಿರು. ಉಳಿದ ಹೊಲವೆಲ್ಲ ಹಲ್ಲುದುರಿದ ಬಾಯಿ.

"ಅದೇ ಮಳಿ, ಅದೇ ಕೂರಿಗಿ, ನೀರು ಹೊಡದ ಬೀಜ ಮಾತ್ರ ಹುಟ್ಟಿಲ್ಲ," ಎಂದರು ಗೌಡರು, ದನಿ ತಗ್ಗಿಸಿ. "ಹದ ಆರೋದ್ರೊಳಗ ಮತ್ತ ಬಿತ್ತಬೇಕು. ನಿಮ್ಮ ಅಂಗಳದಾಗ ಒಣಗಾಯಿ ಸುಲಸಿ ಕೊಡ್ರಿ."

ಮುಂದಿನ ವರ್ಷ ಚೀಲ ಇಲ್ಲ ಅಂದಿದ್ದಿರಲ್ಲ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅತ್ತೆ ನನ್ನ ತೋಳು ಚಿವುಟಿ, ಇಡೀ ಓಣಿಯನ್ನು ಕರೆದರು. ಅಂದು ಹೊಲದಲ್ಲಿ ನಮ್ಮನ್ನು ಕಂಡು ನಕ್ಕವರೂ ಬಂದು ಕೂತರು. ಒಬ್ಬಾಕೆ ಅಭ್ಯಾಸಬಲದಿಂದ ಕಾಯಿಯನ್ನು ಬಾಯಿಗಿಟ್ಟಳು. "ಬಾಯಿ ಹಾಡಾಕ ಇಟ್ಕೋ ತಂಗಿ," ಎಂದರು ಅತ್ತೆ. ಅಂಗಳವೆಲ್ಲ ನಕ್ಕಿತು. ಹಾಡಿದರು ಕೂಡ. ನಮ್ಮ ಕೀರ್ತನೆ ಮುಗಿದರೆ ಓಣಿಯವರ ಬೀಸುಕಲ್ಲಿನ ಪದ. ಮರುದಿನ ಸಂಜೆಗೆ ಬೀಜ ಸಿದ್ಧವಾಯಿತು. ಮತ್ತೆ ಬಿತ್ತಿದ್ದು ಒಂದೂ ಸಾಲು ತಪ್ಪದೆ ಎದ್ದು ಬಂತು.

"ಇನ್ನ ಮ್ಯಾಲೆ ನಮ್ಮ ಬಿತ್ತನಿ ಬೀಜ ಎಲ್ಲಾ ಈ ಅಂಗಳದಾಗೇ," ಎಂದು ಗೌಡರು ಕಟ್ಟೆಯ ಮೇಲೆ ಕೂತು ಊರಿಗೆಲ್ಲ ಕೇಳುವಂತೆ ಹೇಳಿದರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಾವಿಕಟ್ಟೆ, ಅಂಗಡಿ, ಬಸ್‌ಸ್ಟ್ಯಾಂಡು, ಎಲ್ಲೆಡೆ ಇದನ್ನೇ ಹೇಳಿಕೊಂಡು ತಿರುಗಿದೆ.

"ಸೊಕ್ಕು ಬ್ಯಾಡ. ಮಹಿಮಿ ಯೇಸಪ್ಪಂದು," ಎಂದು ಅತ್ತೆ ಗದರಿದರು.

ಮುಂದಿನ ಐತವಾರ ಅತ್ತೆ ಒಗೆದ ಸೀರೆಯುಟ್ಟು, ಸತ್ಯವೇದ ಹಿಡಿದು ಹೊರಟರು. ಪ್ರಾರ್ಥನೆಯ ಮನೆ ನಮ್ಮ ಓಣಿಯ ಮೂಲೆಯಲ್ಲೇ ಇತ್ತು. ಅವರು ಅದಕ್ಕೆ ಬೆನ್ನು ಹಾಕಿ ಗೌಡರ ಹೊಲದ ದಾರಿ ಹಿಡಿದರು.

"ಅತ್ತಿ, ಈ ಕಡಿ ಎಲ್ಲಿಗೆ?"

"ಹಿಂಗ ಸುತ್ತಿ ಹೋದ್ರೂ ಪ್ರಾರ್ಥನಿ ಸಿಗ್ತೈತಿ, ಬಾ," ಎಂದರು. ಹೊಲ ಬಂದಾಗ ಆ ಹಸಿರು ಸಾಲುಗಳಿಂದ ಕಣ್ಣು ತೆಗೆಯದೆ, "ಅದ್ಯಾಕ ಅಷ್ಟು ಜೋರು ನಡೀತಿ? ಸಾವಕಾಶ ಬಾ," ಎಂದರು.