ಹೆಬ್ಬೆರಳು ಹಾಕಿದ ತಾಳ

ನಾನು ಹುಟ್ಟಾ ಪುಕ್ಕಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನನ್ನ ಹೊಟ್ಟೆಪಾಡು ಬೇರೆಯವರನ್ನು ಹೆದರಿಸುವುದು. ಥಿಯೇಟರಿನಲ್ಲಿ ಸಿನಿಮಾ ಶುರುವಾಗುವ ಮುಂಚೆ ಟ್ರೇಲರ್ ತೋರಿಸುತ್ತಾರಲ್ಲ, ಅದರಲ್ಲಿ ದೆವ್ವದ ಸಿನಿಮಾದ ತುಣುಕು ಬಂದಾಗ ನಿಮ್ಮ ಕೈಯಲ್ಲಿನ ಪಾಪ್‌ಕಾರ್ನ್ ಚೆಲ್ಲುತ್ತದಲ್ಲ, ಆ ಚೆಲ್ಲಿಸುವ ಸಂಗೀತ ನನ್ನದು. ಮಲೇಷ್ಯಾದಲ್ಲಿ ದೆವ್ವಗಳಿಗೆ ಬರವಿಲ್ಲ. ವರ್ಷವಿಡೀ ಯಾವುದಾದರೊಂದು ತೆರೆಗೆ ಬರುತ್ತಲೇ ಇರುತ್ತದೆ. ಅವುಗಳಲ್ಲಿ ಒಂದು ಸಿನಿಮಾವನ್ನೂ ನಾನು ಪೂರ್ತಿ ನೋಡಿಲ್ಲ. ಟ್ರೇಲರಿಗೆ ಸಂಗೀತ ಮಾಡುವವನಿಗೆ ಅವರು ಸಿನಿಮಾ ತೋರಿಸುವುದೂ ಇಲ್ಲ, ಪುಣ್ಯಕ್ಕೆ. ಎರಡು ನಿಮಿಷದ ತುಣುಕು ಕಳಿಸುತ್ತಾರೆ. ಅದನ್ನೂ ನಾನು ಮೊದಲ ಸಲ ಸದ್ದು ಬಂದ್ ಮಾಡಿ, ಹಗಲು ಹೊತ್ತಿನಲ್ಲಿ, ಬಾಗಿಲು ತೆರೆದಿಟ್ಟುಕೊಂಡು ನೋಡುತ್ತೇನೆ.

"ಊರನ್ನೆಲ್ಲ ಹೆದರಿಸುದೂ ನೀವೇ, ಜಿರಳೆ ಕಂಡ್ರೆ ಮಂಚ ಹತ್ತುದೂ ನೀವೇ" ಎಂದು ಹೆಂಡತಿ ಆಡಿಕೊಳ್ಳುತ್ತಾಳೆ. ಅವಳು ಮಂಗಳೂರಿನವಳು. ಕ್ಲಾಂಗ್ ಬಂದರಿನಲ್ಲಿ ಕಂಟೇನರ್ ಸಾಗಿಸುವ ಕಂಪನಿಯೊಂದರಲ್ಲಿ ಕೆಲಸ. ಹಡಗು ತಡವಾದರೆ ಕ್ಯಾಪ್ಟನ್ನನಿಗೇ ಬೈಯುವಷ್ಟು ಗಟ್ಟಿಗಿತ್ತಿ.

ನಾನು ತುಮಕೂರಿನಿಂದ ಇಲ್ಲಿಗೆ ಬಂದದ್ದು ಕ್ವಾಲಾಲಂಪುರದ ಪಕ್ಕದ ಸುಬಾಂಗ್ ಜಯಾದ ಕಾಲೇಜೊಂದರಲ್ಲಿ ಧ್ವನಿಮುದ್ರಣ ಓದಲು. ಓದು ಮುಗಿದ ಮೇಲೂ ಇಲ್ಲೇ ಉಳಿದೆ. ಮೊದಮೊದಲು ಶಾಂಪೂ, ಮೆಣಸಿನ ಸಾಸ್, ಡೈಪರ್ ಜಾಹೀರಾತುಗಳಿಗೆ ಟಿಂಗ್ ಟಿಂಗ್ ಎಂದು ಏನೋ ಮಾಡಿಕೊಟ್ಟೆ. ಆಮೇಲೆ ಯಾರೋ ಒಬ್ಬರು ಟ್ರೇಲರಿಗೆ ಕರೆದರು. ಅಲ್ಲಿಯ ಪದ್ಧತಿಯೇ ಬೇರೆ. ಒಂದೇ ತುಣುಕನ್ನು ಹಲವರಿಗೆ ಕೊಡುತ್ತಾರೆ, ಎಲ್ಲರೂ ಸಂಗೀತ ಮಾಡಿ ಕಳಿಸಬೇಕು, ಅವರಿಗೆ ಹಿಡಿಸಿದ್ದು ಒಂದು. ಉಳಿದವರಿಗೆ 'ಬೇಡ' ಎಂದು ಹೇಳುವ ಸೌಜನ್ಯವೂ ಇಲ್ಲ. ತಾವು ಸೋತದ್ದು ಅವರಿಗೆ ಗೊತ್ತಾಗುವುದು ಮಾಲ್‌ನ ಥಿಯೇಟರಿನಲ್ಲಿ ಕೂತಾಗ, ಬೇರೆಯವನ ಸಂಗೀತ ಕೇಳಿದಾಗ. ಹೀಗೆ ಎಷ್ಟೋ ವರ್ಷ ಸೋತು ಸೋತು ನನಗೊಂದು ಜಾಗ ಸಿಕ್ಕಿತು. ದೆವ್ವದ ಟ್ರೇಲರ್ ಎಂದರೆ ಆ ಇಂಡಿಯನ್ನನಿಗೆ ಕೊಡಿ ಎನ್ನುವಷ್ಟಾಯಿತು.

ಅದಕ್ಕೆ ಕಾರಣ ಒಂದೇ. ಸದ್ದಿಗೆ ಯಾರೂ ಹೆದರುವುದಿಲ್ಲ, ಸದ್ದು ಇನ್ನೇನು ಬಂತು ಎಂದು ಕಾಯುವಾಗ ಹೆದರುತ್ತಾರೆ. ಕುಕ್ಕರ್ ಬುಸುಗುಡುತ್ತಾ ಸೀಟಿ ಹೊಡೆಯದೆ ನಿಂತರೆ ಅಡುಗೆಮನೆಯಲ್ಲಿದ್ದವರೆಲ್ಲ ಅತ್ತ ತಿರುಗುತ್ತಾರಲ್ಲ, ಹಾಗೆ. ಆ ಕಾಯುವಿಕೆಯನ್ನು ಎಷ್ಟು ಎಳೆಯಬೇಕು, ಎಲ್ಲಿ ಹೊಡೆಯಬೇಕು ಎನ್ನುವುದು ನನ್ನ ಮೈಗೆ ಗೊತ್ತು. ಅಪ್ಪ ಮದುವೆ ಬ್ಯಾಂಡ್‌ಸೆಟ್ಟಿನಲ್ಲಿ ದೊಡ್ಡ ಡ್ರಮ್ ಬಾರಿಸುತ್ತಿದ್ದವರು, ಅದು ರಕ್ತದಲ್ಲೇ ಬಂದದ್ದಿರಬೇಕು. ಎಲ್‌ಆರ್‌ಟಿ ರೈಲಿನಲ್ಲಿ ಬಾಗಿಲು ಮುಚ್ಚುವ ಬೀಪ್ ಕೇಳುತ್ತಾ ಕೂತರೂ ನನ್ನ ಬೆರಳು ತೊಡೆಯ ಮೇಲೆ ಅದರ ಜೊತೆ ಆಡುತ್ತಿರುತ್ತದೆ.

ಒಂದು ಬೆಳಿಗ್ಗೆ ಫೋನ್ ಬಂತು. ಟ್ರೇಲರ್ ಮಾಡಿಸುವ ಪ್ರೊಡ್ಯೂಸರ್. ಎಂದಿನಂತೆ ಬಲಗಿವಿಗೆ ಇಟ್ಟುಕೊಂಡು ಹಲೋ ಎಂದೆ. ಉತ್ತರವಿಲ್ಲ. ಹಲೋ, ಹಲೋ ಎಂದು ಬೈದುಕೊಂಡು ಕಟ್ ಮಾಡಿದೆ. ಮತ್ತೆ ಬಂತು, ಮತ್ತೆ ಉತ್ತರವಿಲ್ಲ. ಕೈಯಲ್ಲಿ ಕಾಫಿ ಲೋಟ ಇದ್ದದ್ದರಿಂದ ಫೋನನ್ನು ಎಡಗಡೆಗೆ ಬದಲಾಯಿಸಿದೆ.

"ಬ್ರೋ, ಯು ದೇರ್ ಆರ್ ನಾಟ್? ಫ್ರೈಡೇ ಕ್ಯಾನ್ ಆಹ್?" ಎಂದು ಅವನು ಕೂಗುತ್ತಿದ್ದ, ಶುಕ್ರವಾರದೊಳಗೆ ಸಂಗೀತ ಬೇಕೆಂದು.

ನಾನು ಫೋನನ್ನು ಮತ್ತೆ ಬಲಗಿವಿಗೆ ಇಟ್ಟೆ. ಏನೂ ಇಲ್ಲ. ಎಡಗಿವಿಗೆ ಇಟ್ಟೆ. ಇದ್ದಾನೆ. ಬಲಕ್ಕೆ ಇಟ್ಟೆ, ಇಲ್ಲ. ಅಯ್ಯೋ ಶಿವನೇ, ಇದೇನಾಯಿತು ಎಂದು ಕುರ್ಚಿ ಹಿಡಿದು ಕೂತುಬಿಟ್ಟೆ.

ಒಂದು ಕಿವಿಯಲ್ಲಿ ಬದುಕಬಹುದು. ಬದುಕುತ್ತಾರೆ ಕೂಡ. ಆದರೆ ನನ್ನ ಕೆಲಸ ಎರಡೂ ಕಿವಿಯದು. ಹೆಜ್ಜೆ ಸಪ್ಪಳ ಎಡದಿಂದ ಹುಟ್ಟಿ ಬೆನ್ನ ಹಿಂದೆ ಹಾದು ಬಲಕ್ಕೆ ಬಂದು ನಿಲ್ಲಬೇಕು. ಅದನ್ನು ಎಲ್ಲಿ ನಿಲ್ಲಿಸಿದೆ ಎಂದು ನನಗೇ ಕೇಳದಿದ್ದರೆ ಇನ್ಯಾರಿಗೆ ಕೇಳಿಸಲಿ? ಕೆಪ್ಪನಿಗೆ ಯಾರು ತಾನೇ ಟ್ರೇಲರ್ ಕೊಡುತ್ತಾರೆ? ನನಗೆ ಬೇರೆ ವಿದ್ಯೆ ಬರುವುದಿಲ್ಲ.

ಹೆಂಡತಿ ಅಂದೇ ರಜೆ ಹಾಕಿ ಕಿವಿಯ ಡಾಕ್ಟರ ಬಳಿ ಎಳೆದುಕೊಂಡು ಹೋದಳು. ಡಾಕ್ಟರು ಕಲಬುರಗಿಯ ಕಡೆಯ ಮುಸಲ್ಮಾನರು, ಇಲ್ಲಿಗೆ ಬಂದು ಬಹಳ ವರ್ಷವಾಗಿದೆ. ನಮ್ಮ ಕನ್ನಡ ಕಿವಿಗೆ ಬಿದ್ದದ್ದೇ ಅವರು ಇಂಗ್ಲಿಷ್ ಬಿಟ್ಟರು.

"ನರಕ್ಕ ಏಟು ಬಿದ್ದದ್ರೀ. ಯಾಕಂತ ನಮಗೂ ಗೊತ್ತಾಗಂಗಿಲ್ಲ. ಕೆಲವ್ರಿಗೆ ತಿರುಗಿ ಬರ್ತದ, ಕೆಲವ್ರಿಗೆ ಬರಂಗಿಲ್ಲ. ಈಗ ಗುಳಗಿ ಕೊಡ್ತೀನಿ. ಗುಳಗಿಗೆ ಬಗ್ಗಲಿಲ್ಲಂದ್ರ ಕಿವಿ ಪರದಿ ಒಳಗ ಸೂಜಿ ಹಾಕೋಣು. ಆದ್ರ ತಡ ಮಾಡಂಗಿಲ್ಲ. ದಿನ ಹೋದ್ಹಂಗ ಆಸೆನೂ ಹೋಗ್ತದ."

ಕಿವಿ ಪರದೆಯೊಳಗೆ ಸೂಜಿ ಎಂಬ ಮಾತಿಗೇ ನಾನು ಬೆವತಿದ್ದೆ. ಹೆಂಡತಿ ನನ್ನ ಮುಖ ನೋಡಿ, "ಗುಳಿಗೆಯಲ್ಲೇ ಆಗ್ತದೆ, ಸುಮ್ಮನಿರಿ" ಎಂದಳು.

ಗುಳಿಗೆ ನುಂಗುತ್ತಿದ್ದ ಆ ದಿನಗಳನ್ನು ಈಗ ನೆನೆದರೂ ಎದೆ ಹೊಡೆದುಕೊಳ್ಳುತ್ತದೆ. ಒಂದು ಕಿವಿ ಹೋದರೆ ಅರ್ಧ ಕೇಳಿಸುತ್ತದೆ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಎಲ್ಲವೂ ಕೇಳಿಸುತ್ತದೆ, ಎಲ್ಲಿಂದ ಎಂದು ಮಾತ್ರ ಗೊತ್ತಾಗುವುದಿಲ್ಲ. ಮಗಳು 'ಅಪ್ಪಾ' ಎಂದರೆ ಯಾವ ಕೋಣೆಯಿಂದ ಎಂದು ತಿಳಿಯದೆ ಮನೆಯೆಲ್ಲ ಹುಡುಕುತ್ತಿದ್ದೆ. ನಾನು ಕನ್ನಡದಲ್ಲಿ ಕರೆದರೆ ಅವಳು ಇಂಗ್ಲಿಷಿನಲ್ಲಿ ಉತ್ತರಿಸುವವಳು. "ಅಪ್ಪಾ, ಐಯಾಮ್ ರೈಟ್ ಹಿಯರ್ ಲಾಹ್! ವೈ ಆರ್ ಯು ಶೌಟಿಂಗ್?" ಎನ್ನುತ್ತಿದ್ದಳು. ನಾನು ಕಿರುಚುತ್ತಿದ್ದೇನೆಂಬುದೇ ನನಗೆ ತಿಳಿಯುತ್ತಿರಲಿಲ್ಲ. ರಸ್ತೆ ದಾಟುವಾಗ ಒಂದು ಮೋಟರ್‌ಬೈಕ್ ಬಲಗಡೆಯಿಂದ ಬಂದು ಅಂಗಿಯನ್ನು ಸವರಿಕೊಂಡು ಹೋಯಿತು. ಅಂದಿನಿಂದ ಮನೆ ಬಿಟ್ಟು ಹೊರಗೆ ಹೋಗುವುದನ್ನೇ ನಿಲ್ಲಿಸಿದೆ. ಪ್ರೊಡ್ಯೂಸರಿಗೆ ಜ್ವರ ಎಂದು ಸುಳ್ಳು ಹೇಳಿದೆ. ನನ್ನ ಕೆಲಸದ ಕೋಣೆಯ ಬಾಗಿಲು ಹಾಕಿಯೇ ಇತ್ತು. ಹೆಡ್‌ಫೋನ್ ಹಾಕಿಕೊಂಡು ನೋಡುವ ಧೈರ್ಯ ಬರಲಿಲ್ಲ. ಕಿವಿ ತಿರುಗಿ ಬಂದಿಲ್ಲವೆಂದು ಗೊತ್ತಾಗಿಬಿಟ್ಟರೆ?

ಗುಳಿಗೆ ಮುಗಿದ ಮೇಲೆ ಪರೀಕ್ಷೆಗೆ ಕರೆದರು. ಸದ್ದು ನುಗ್ಗದ ಒಂದು ಪುಟ್ಟ ಗೂಡು, ದಪ್ಪ ಬಾಗಿಲು, ಒಂದು ಗಾಜಿನ ಕಿಟಕಿ. ಗಾಜಿನ ಆಚೆ ಯಂತ್ರದ ಮುಂದೆ ತಲೆಗೆ ಸ್ಕಾರ್ಫ್ ಸುತ್ತಿದ ಮಲಾಯ್ ಹುಡುಗಿ. ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟು, ಬಲಗಿವಿಯಲ್ಲಿ ಎಷ್ಟು ಸಣ್ಣ ಸದ್ದು ಕೇಳಿಸಿದರೂ ಒತ್ತಬೇಕು ಎಂದಳು. ಚೆನ್ನಾಗಿದ್ದ ಎಡಗಿವಿ ಕದ್ದು ಕೇಳಿ ಮೋಸ ಮಾಡದಿರಲಿ ಎಂದು ಅದರೊಳಗೆ ಸೊಂಯ್ ಎನ್ನುವ ಸದ್ದು ತುಂಬಿದರು. ಹೊರಗೆ ಇನ್ನೂ ತುಂಬಾ ಜನ ಕಾಯುತ್ತಿದ್ದರು, ಹುಡುಗಿಗೆ ಅವಸರವಿತ್ತು.

ಕೇಳಿಸಿತು. ಒತ್ತಿದೆ. ಮತ್ತೆ ಕೇಳಿಸಿತು, ಮತ್ತೆ ಒತ್ತಿದೆ. ತೀರಾ ಸಣ್ಣ ಸಣ್ಣ ಸದ್ದು, ಇದೆಯೋ ಇಲ್ಲವೋ ಎನ್ನುವಷ್ಟು, ಆದರೂ ನನಗೆ ಗೊತ್ತಾಗುತ್ತಿತ್ತು. ಖುಷಿಗೆ ಕಣ್ಣು ಮುಚ್ಚಿ ಒತ್ತುತ್ತಾ ಹೋದೆ.

ಡಾಕ್ಟರು ಗೆರೆ ಎಳೆದ ಕಾಗದ ನೋಡಿ ಮೇಜು ಕುಟ್ಟಿದರು. "ಶಬ್ಬಾಶ್! ಭಾಳ ಛಲೋ ಬಂದದ. ಸೂಜಿ ಬ್ಯಾಡ, ಮನಿಗೆ ಹೋಗ್ರಿ."

ಹೆಂಡತಿ ಅಲ್ಲೇ ಕಣ್ಣೀರು ಒರೆಸಿಕೊಂಡಳು. ಇಷ್ಟು ದಿನ ಅವಳೂ ಹೆದರಿದ್ದಳೆಂದು ನನಗೆ ತಿಳಿದದ್ದು ಆಗಲೇ. ದಾರಿಯಲ್ಲಿ ತಮಿಳು ಮುಸಲ್ಮಾನರ ಒಂದು ಮಾಮಕ್ ತಿಂಡಿ ಅಂಗಡಿಯಲ್ಲಿ ನಿಲ್ಲಿಸಿ ರೊಟ್ಟಿ ಕಾನಾಯ್ ಎಂಬ ಪರೋಟ, ಚಹಾ ಹೇಳಿದಳು. ನನ್ನ ಬಲಗಡೆ ಕೂತು ಮಂಗಳೂರಿಗೆ, ಅವಳ ಅಮ್ಮನಿಗೆ, ವಿಷಯ ತಿಳಿಸಲು ಫೋನ್ ಹಚ್ಚಿದಳು. ಮಧ್ಯಾಹ್ನದ ಊಟದ ಹೊತ್ತು. ತಟ್ಟೆ ಬಡಿಯುವುದು, ಟಿವಿ, ಆರ್ಡರ್ ಕೂಗುವುದು, ಸಂತೆಯೇ ನೆರೆದಿತ್ತು. ನನಗೆ ಯಾಕೋ ಒಂದು ಹುಚ್ಚು ಬುದ್ಧಿ ಬಂತು. ಬಲಗಿವಿ ಎಷ್ಟು ಬಂದಿದೆ ನೋಡೋಣ ಎಂದು ಎಡಗಿವಿಯೊಳಗೆ ಬೆರಳು ಗಟ್ಟಿಯಾಗಿ ತುರುಕಿದೆ.

ಅಂಗಡಿಯ ಸದ್ದೇ ಆರಿಹೋಯಿತು. ಎಲ್ಲೋ ದೂರದಲ್ಲಿ, ಕಂಬಳಿಯ ಕೆಳಗಿಂದ ಎನ್ನುವ ಹಾಗೆ ಒಂದಿಷ್ಟು ಗುಸುಗುಸು, ಅದೂ ಬೆರಳು ತುರುಕಿದ ಎಡಗಿವಿಯಿಂದಲೇ. ನನ್ನ ಬಲಭುಜಕ್ಕೆ ಭುಜ ತಾಗಿಸಿ ಕೂತ ಹೆಂಡತಿಯ ಬಾಯಿ ಆಡುತ್ತಿತ್ತು, ನಗುತ್ತಿತ್ತು. ಒಂದು ಅಕ್ಷರವೂ ಕೇಳಿಸಲಿಲ್ಲ.

ಹಾಗಾದರೆ ಆ ಗೂಡಿನಲ್ಲಿ ನಾನು ಕೇಳಿದ್ದೇನು? ಯೋಚಿಸುತ್ತಾ ಹೋದಂತೆ ಹೊಳೆಯಿತು. ಹುಡುಗಿ ಅವಸರದಲ್ಲಿ ಒಂದೇ ಲಯದಲ್ಲಿ ಸದ್ದು ಕಳಿಸುತ್ತಾ ಹೋಗಿದ್ದಳು. ಮೊದಲು ಜೋರಾಗಿ ಕಳಿಸಿದ್ದು ಒಂದೆರಡು ನಿಜವಾಗಿಯೂ ಕೇಳಿಸಿರಬೇಕು. ಅಷ್ಟು ಸಾಕಾಗಿತ್ತು. ಮುಂದಿನದನ್ನು ನನ್ನ ಹೆಬ್ಬೆರಳೇ ತಾಳ ಹಾಕಿ ಒತ್ತಿತ್ತು. ಇನ್ನೇನು ಬಂತು ಎಂದು ಗೊತ್ತಾದದ್ದನ್ನೇ ಕೇಳಿಸಿತು ಎಂದು ನಂಬಿದ್ದೆ. ಜನರನ್ನು ಹೆದರಿಸಲು ಕಲಿತ ವಿದ್ಯೆ ನನ್ನನ್ನೇ ಮಂಗ ಮಾಡಿತ್ತು.

ಆ ಗಳಿಗೆಯಲ್ಲಿ ನನಗೆ ಬಂದ ಯೋಚನೆ ಇದು: ಹೇಳುವುದೇ ಬೇಡ. ಕಾಗದದ ಮೇಲೆ ನನ್ನ ಕಿವಿ ಚೆನ್ನಾಗಿದೆ. ಡಾಕ್ಟರು ಹೇಳಿದ್ದಾರೆ, ಹೆಂಡತಿ ನಕ್ಕಿದ್ದಾಳೆ. ಇನ್ನೊಮ್ಮೆ ಪರೀಕ್ಷೆ ಮಾಡಿಸಿದರೆ ಈ ಸುಳ್ಳೂ ಹೋಗುತ್ತದೆ. ಕಿವುಡಿಗಿಂತ ಆ ಗೂಡಿಗೆ ಮತ್ತೆ ಹೋಗಿ ಕೂರುವುದಕ್ಕೆ ನನಗೆ ಹೆಚ್ಚು ಭಯವಾಗಿತ್ತು. ಆದರೆ ಸೂಜಿ ಬೇಡ ಎಂದದ್ದು ಆ ಸುಳ್ಳು ಕಾಗದ ನೋಡಿ. ದಿನ ಹೋದ ಹಾಗೆ ಆಸೆಯೂ ಹೋಗುತ್ತದೆ ಎಂದಿದ್ದರಲ್ಲ?

ಹೆಂಡತಿ ಫೋನ್ ಇಟ್ಟಳು. ನನ್ನ ಕಿವಿಯಲ್ಲಿನ ಬೆರಳು ನೋಡಿ, "ಎಂತ ಮಾಡ್ತಿದ್ದೀರಿ?" ಎಂದಳು, ಅಂದರೆ ಅವಳ ತುಟಿ ಹಾಗೆಂದಿತು.

ಬೆರಳು ತೆಗೆದೆ. ಹೇಳಿದೆ. ಹೇಳುವಾಗ ನನ್ನ ಸ್ವರ ಎಷ್ಟು ಜೋರಾಗಿತ್ತೋ, ಪಕ್ಕದ ಮೇಜಿನವರೆಲ್ಲ ತಿರುಗಿ ನೋಡಿದರು.

ಅವಳು ಚಹಾ ಲೋಟವನ್ನು ಪಕ್ಕಕ್ಕೆ ತಳ್ಳಿದಳು. ಆಮೇಲೆ, "ಎಂತ ಜನ ಮಾರಾಯ್ರೆ ನೀವು! ಪರೀಕ್ಷೆಗೆ ಕೂರಿಸಿದ್ರೆ ಅಲ್ಲಿಯೂ ತಾಳ ಹಾಕುದಾ? ಅಮ್ಮನಿಗೆ ಈಗ ಎಂತ ಹೇಳ್ಲಿ ನಾನು?" ಎಂದು ಬೈದಳು. ಬೈಯುತ್ತಲೇ ಎದ್ದು ಕಾರಿನ ಕೀ ತೆಗೆದುಕೊಂಡಳು. "ಏಳಿ. ಈಗಲೇ ಹೋಗುದು."

"ನಾಳೆ ಹೋಗೋಣ ಕಣೇ" ಎಂದೆ.

"ನಾಳೆ ನೀವು ಇನ್ನೊಂದು ನೆಪ ಹೇಳ್ತೀರಿ. ನನಗೆ ಗೊತ್ತುಂಟು ನಿಮ್ಮದು. ಏಳಿ."

ರೊಟ್ಟಿ ತಟ್ಟೆಯಲ್ಲೇ ಉಳಿಯಿತು. ಡಾಕ್ಟರು ನನ್ನ ಕಥೆ ಕೇಳಿ ಕನ್ನಡಕ ತೆಗೆದು ಕೆಳಗಿಟ್ಟರು. "ಏನ್ರೀ ನೀವು! ಇಷ್ಟ್ ವರ್ಷದಾಗ ಮಷೀನಿಗೆ ತಾಳ ಹಾಕಿದ ಪೇಷಂಟ್ ನೋಡಿಲ್ಲ ನಾ" ಎಂದು ನಗಲು ಹೋದವರು ಹೆಂಡತಿಯ ಮುಖ ನೋಡಿ ನಗಲಿಲ್ಲ. ಹುಡುಗಿಯನ್ನು ಕರೆದು, ಈ ಸಲ ಸದ್ದನ್ನು ಲಯ ತಪ್ಪಿಸಿ ಕಳಿಸು, ಒಮ್ಮೆ ಬೇಗ, ಒಮ್ಮೆ ಬಹಳ ತಡವಾಗಿ, ಎಂದು ತಿಳಿಸಿದರು. "ಅಂಕಲ್, ಯು ಚೀಟ್ ಆಹ್?" ಎಂದು ಅವಳು ಕಣ್ಣರಳಿಸಿದಳು. ಹೆಂಡತಿ ತಾನೂ ಗಾಜಿನ ಆಚೆ ನಿಲ್ಲುತ್ತೇನೆಂದು ಹಟ ಹಿಡಿದಳು. ಬೇಡ ಎನ್ನಲು ಯಾರಿಗೂ ಧೈರ್ಯವಾಗಲಿಲ್ಲ.

ಯಂತ್ರದ ಮೇಲೆ ಎರಡು ಪುಟ್ಟ ದೀಪಗಳಿದ್ದವು. ಸದ್ದು ಕಳಿಸಿದಾಗ ಒಂದು ಹೊತ್ತುತ್ತದೆ, ನಾನು ಗುಂಡಿ ಒತ್ತಿದರೆ ಇನ್ನೊಂದು. ಒಳಗೆ ಕೂತ ನನಗೆ ಅವು ಕಾಣುವುದಿಲ್ಲ. ಹುಡುಗಿಯ ಬೆನ್ನ ಹಿಂದೆ ನಿಂತ ಹೆಂಡತಿಗೆ ಕಾಣುತ್ತವೆ.

ಬಾಗಿಲು ಮುಚ್ಚಿತು. ಎಡಗಿವಿಯಲ್ಲಿ ಸೊಂಯ್ ಶುರುವಾಯಿತು. ಬಲಗಡೆ ಏನೂ ಇಲ್ಲ. ಕಾದೆ. ಅಂಗೈ ಬೆವರಿಗೆ ಗುಂಡಿ ಜಾರುತ್ತಿತ್ತು. ಗಾಜಿನ ಆಚೆ ಹೆಂಡತಿಯ ಕಣ್ಣು ಯಂತ್ರದ ಮೇಲಿಂದ ಎದ್ದು ನನ್ನ ಕೈಯ ಮೇಲೆ ಬಿತ್ತು. ಅಲ್ಲೇ ನಿಂತಿತು. ಮೆಲ್ಲಗೆ ಕೆಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದಿತು. ಆಗ ನನಗೆ ಅರ್ಥವಾಯಿತು. ಅವಳ ಕಣ್ಣು ಏಳುವ ಪ್ರತಿಸಲವೂ ಒಂದು ಸದ್ದು ನನ್ನ ಕಿವಿಗೆ ಬಂದಿರುತ್ತದೆ. ಬರಬರುತ್ತಾ ಅವಳ ತುಟಿ ಬಿಗಿದುಕೊಂಡಿತು. ಅಂಥ ಭಯವನ್ನು ನಾನು ಯಾವ ಟ್ರೇಲರಿನಲ್ಲೂ ಯಾರ ಮುಖದಲ್ಲೂ ನೋಡಿಲ್ಲ. ಮುಂದಿನ ಸಲ ಅವಳ ಕಣ್ಣು ಎದ್ದಾಗ ನನ್ನ ಹೆಬ್ಬೆರಳು ತಾನಾಗಿ ಒತ್ತಿಬಿಟ್ಟಿತು.

ಅವಳ ಮುಖ ಒಂದು ಕ್ಷಣ ಅರಳಿತು. ನನ್ನನ್ನೇ ನೋಡಿದಳು. ನಾನೂ ಅವಳನ್ನೇ ನೋಡುತ್ತಿದ್ದೆ. ಅವಳಿಗೆ ಗೊತ್ತಾಗಿಹೋಯಿತು. ತಲೆಯಾಡಿಸಿ, ಗಾಜಿಗೆ ಬೆನ್ನು ಹಾಕಿ ನಿಂತುಬಿಟ್ಟಳು.

ಆಮೇಲೆ ನನಗೆ ಯಾರ ಆಸರೆಯೂ ಇರಲಿಲ್ಲ. ಕತ್ತಲಲ್ಲಿ ಮೆಟ್ಟಿಲು ತಡಕುವವನ ಹಾಗೆ ಆ ಬಲಗಿವಿಯೊಳಗೆ ತಡಕಿದೆ. ಇಲ್ಲ. ಇಲ್ಲ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಇನ್ನು ಸಾಕು, ಹೆಡ್‌ಫೋನ್ ಕಿತ್ತೆಸೆದು ಎದ್ದುಬಿಡೋಣ ಎನ್ನುವಾಗ ಎಲ್ಲೋ ಆಳದಲ್ಲಿ 'ಹೂಂ' ಎಂದಂತಾಯಿತು. ತಗ್ಗು ಸ್ವರ. ನಿಜವೋ, ನನ್ನ ಆಸೆಯೋ? ನನ್ನನ್ನು ನಾನೇ ನಂಬಲಿಲ್ಲ, ಒತ್ತಲಿಲ್ಲ. ಬಹಳ ಹೊತ್ತು ಏನೂ ಬರಲಿಲ್ಲ. ನಾನು ಕಾಯುವುದನ್ನೇ ಬಿಟ್ಟಾಗ ಮತ್ತೊಮ್ಮೆ ಬಂತು, 'ಹೂಂ', ಬಲದಿಂದಲೇ. ಹೆದರುತ್ತಾ ಹೆದರುತ್ತಾ ಒತ್ತಿದೆ. ಹುಡುಗಿ ಏನೋ ಬರೆದುಕೊಂಡಳು. ಹೆಂಡತಿ ತಿರುಗಲಿಲ್ಲ.

ಬಾಗಿಲು ತೆರೆದಾಗ ಮೊದಲು ಒಳಗೆ ಬಂದವಳು ಅವಳು. ಬಂದವಳು ಬಲಗಡೆಗೆ ಹೋಗದೆ, ಸುತ್ತಿ ಬಂದು ನನ್ನ ಎಡಕ್ಕೆ ನಿಂತಳು. ನನ್ನ ಅಂಗೈಯಿಂದ ಗುಂಡಿ ಬಿಡಿಸಿದಳು.

"ನನ್ನ ಕಣ್ಣು ನೋಡಿ ಒತ್ತಿದ್ದು ಬಿಟ್ರೆ ಒಂದೇ ಒಂದು ಸರಿ ಉಂಟಂತೆ, ಕಡೆಯದ್ದು" ಎಂದಳು. "ಆದ್ರೆ ಅದು ನಿಮ್ಮದೇ. ಈಗ ಸೂಜಿಗೆ ನಡೀರಿ."